ಮಂಗಳಲೋಕದ ಮಾವನ ಬೆನ್ನಿನ ಹೊಲಿಗೆ

ಮಾವ ಕುಣಿಯತೊಡಗಿದ್ದೇ ತಡ, ಥಿಯೇಟರಿನ ಸೂರು ಹಾರಿಹೋಗುವ ಹಾಗೆ ಜನ ನಕ್ಕರು.

ಮಾವ ಎಂದರೆ ಮಂಗಳ ಗ್ರಹದಿಂದ ಇಳಿದುಬಂದ ದೈತ್ಯ. ಎರಡು ಟಾರ್ಚಿನ ಗಾಜುಗಳೇ ಅವನ ಕಣ್ಣು, ಸೋಡಾ ಬಾಟಲಿಯ ಮುಚ್ಚಳಗಳೇ ಬೆನ್ನಮೂಳೆ, ಮೈಯೆಲ್ಲ ಹಸಿರು ರಬ್ಬರು. ಅವನು ಬಂದಿಳಿದ ಹಾರುವ ತಟ್ಟೆಯೋ, ಬಾಯಿಗೆ ಬಾಯಿ ಕೂಡಿಸಿದ ಎರಡು ಬಾಣಲೆ. ಅದನ್ನು ಆಕಾಶದಲ್ಲಿ ತೂಗಿಬಿಟ್ಟ ದಾರ ಕೊನೆಯ ಸಾಲಿನವರಿಗೂ ಕಾಣುತ್ತಿತ್ತು. ಮದುವೆ ಮನೆಯವರು ಅವನನ್ನು ಹುಡುಗಿಯ ಸೋದರಮಾವನೆಂದೇ ತಿಳಿದು ಕುರ್ಚಿ ಹಾಕಿ ಕೂರಿಸಿ, ‘ಪ್ರಯಾಣ ಸುಖವಾಗಿತ್ತಾ?’ ಎಂದು ವಿಚಾರಿಸುತ್ತಾರೆ. ಇಷ್ಟೇ ಕಥೆ. ‘ಮಂಗಳಲೋಕದ ಮಾವ’ ತೆರೆಗೆ ಬಂದು ಮೂವತ್ತೊಂದು ವರ್ಷವಾಗಿದ್ದರೂ ಈ ಬೆಳಗಿನ ಆಟಕ್ಕೆ ಒಂದು ಕುರ್ಚಿಯೂ ಖಾಲಿ ಉಳಿದಿರಲಿಲ್ಲ.

ಏಳನೇ ಸಾಲಿನಲ್ಲಿ ಇಬ್ಬರು ಮಾತ್ರ ನಗಲಿಲ್ಲ.

ಒಬ್ಬಳು ಭೂತಗನ್ನಡಿ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಗಾಜು ಹಿಡಿದು ಗೆರೆಗಳನ್ನು ಹೋಲಿಸಿದವಳಿಗೆ ಅಲ್ಲಿನವರು ಇಟ್ಟ ಹೆಸರು ಅದು. ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆಗೆ ಇಳಿದ ಮೇಲೂ ಹೆಸರು ಅವಳನ್ನು ಬಿಡಲಿಲ್ಲ, ಗಾಜನ್ನು ಅವಳು ಬಿಡಲಿಲ್ಲ.

ಇನ್ನೊಬ್ಬಳು ಅವಳ ಪಕ್ಕದಲ್ಲಿದ್ದ ನರ್ಸು. ಕುರ್ಚಿಯ ಕೈಯನ್ನು ಅವಳು ಹಿಡಿದಿದ್ದ ಬಿಗಿಗೆ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

"ಈಗ ನೋಡಿ ಅಕ್ಕಾ," ಎಂದು ಪಿಸುಗುಟ್ಟಿದಳು.

ಪರದೆಯ ಮೇಲೆ ಮಾವ ಎರಡೂ ಕೈಯನ್ನು ಮೇಲೆತ್ತಿ ಒಂಟಿ ಕಾಲಿನಲ್ಲಿ ಜಿಗಿದ. ಗಿರ್ರನೆ ಎರಡು ಸುತ್ತು ತಿರುಗಿದ. ಬೆನ್ನು ತೋರಿಸಿದ, ಮುಖ ತೋರಿಸಿದ, ಬಾಲವನ್ನು ಮಗುವಿನಂತೆ ಎತ್ತಿಕೊಂಡು ತೂಗಿದ. ನೆಲವೇ ನಡುಗುತ್ತಿದೆಯೋ ಎಂಬಂತೆ ಇಡೀ ಚಿತ್ರ ಅಲುಗಾಡಿತು. ಆಮೇಲೆ ಅವನ ಕೈಗಳು ಕುತ್ತಿಗೆಗೆ ಹೋದವು. ರಬ್ಬರಿನ ದಪ್ಪ ಬೆರಳುಗಳು ಗಂಟಲ ಹತ್ತಿರ ಏನನ್ನೋ ಕಿತ್ತುಹಾಕಲು ಪರದಾಡಿದವು. ಮೊಣಕಾಲು ಒಮ್ಮೆ ಮಡಚಿಕೊಂಡಿತು, ನೆಟ್ಟಗಾಯಿತು, ಮತ್ತೆ ಮಡಚಿಕೊಂಡಿತು.

ಮುಂದಿನ ಸಾಲಿನವನೊಬ್ಬ ತೊಡೆ ತಟ್ಟಿಕೊಂಡು, "ಅಯ್ಯೋ, ಮಾವನಿಗೆ ಕಾಲರ್ ಬಿಗಿ ಆಯ್ತು ಕಣ್ರೋ!" ಎಂದು ಕೂಗಿದ. ಮತ್ತೊಂದು ನಗೆಯ ಅಲೆ ಎದ್ದಿತು.

"ಮೊದಲ್ನೇದು ಕುಣಿತ ಇರ್ಬಹುದು," ಎಂದಳು ನರ್ಸು. "ಆಮೇಲಿಂದು ಅಲ್ಲ. ಅದು ಉಸಿರು ಸಿಗದೇ ಇರೋರ ಕೈ ಅಕ್ಕಾ. ನಾನು ವಾರ್ಡಲ್ಲಿ ದಿನಾ ನೋಡ್ತೀನಿ."

ಮೂರು ವಾರದ ಹಿಂದೆ ಇದೇ ಮಾತು ಹೇಳಿಕೊಂಡೇ ಅವಳು ಭೂತಗನ್ನಡಿಯ ಬಾಗಿಲು ತಟ್ಟಿದ್ದಳು: ಆ ರಬ್ಬರಿನೊಳಗೆ ಇರೋದು ನಮ್ಮಪ್ಪ, ಆ ಕುಣಿತ ತೆಗೆದ ದಿನದಿಂದ ಅವರು ಮನೆಗೆ ಬಂದಿಲ್ಲ, ನಾನು ಹುಟ್ಟಿದ್ದೂ ಅವತ್ತೇ.

ಭೂತಗನ್ನಡಿಯ ಎದೆಯಲ್ಲಿ ಬೇರೊಂದು ಮುಳ್ಳು ಮುರಿದಿತ್ತು. ಹದಿನೇಳರ ವಯಸ್ಸಿನಲ್ಲಿ ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕುಳಿತು ಇದೇ ಕುಣಿತ ನೋಡಿದ್ದಳು. ಅಜ್ಜಿಯ ಕಥೆಗಳಲ್ಲಿ ಏಳು ಕಡಲಿನಾಚೆಯ ರಾಕ್ಷಸರಿಗೂ ಹೊಟ್ಟೆನೋವು ಬರುತ್ತಿತ್ತು, ಅಮ್ಮನ ನೆನಪಾಗುತ್ತಿತ್ತು. ಅಂಥ ಅಜ್ಜಿಯೇ ಆವತ್ತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕು ನಕ್ಕು ಸುಸ್ತಾಗಿದ್ದಳು. ಕುತ್ತಿಗೆಗೆ ಕೈ ಹೋದಾಗಲೇ ಇಬ್ಬರೂ ಹೆಚ್ಚು ನಕ್ಕಿದ್ದು.

ಕುಣಿತ ಮುಗಿದು ಕೊನೆಯ ದೃಶ್ಯ ಬಂತು. ಮಾವ ಕ್ಯಾಮೆರಾಕ್ಕೆ ಬೆನ್ನು ಹಾಕಿ, ಬಯಲಿನಲ್ಲಿ ನಿಧಾನವಾಗಿ ನಡೆಯುತ್ತ ಹೋದ. ದೂರದಲ್ಲಿ ನಿಂತು, ತಿರುಗದೇ ಒಂದು ಕೈ ಎತ್ತಿ ಬೀಸಿದ. ಚಪ್ಪಾಳೆ ಬಿತ್ತು. ದೀಪ ಹತ್ತಿತು.

"ಅಲ್ಲಿ ನಡ್ಕೊಂಡು ಹೋಗ್ತಾರಲ್ಲ, ಅದಕ್ಕೇ ಯಾರೂ ನನ್ನ ಮಾತು ನಂಬಲ್ಲ," ಎಂದಳು ನರ್ಸು.

ನಿಜ. ಪೊಲೀಸರ ಹಳೆಯ ಕಡತದಲ್ಲಿ ಇದ್ದದ್ದೂ ಅಷ್ಟೇ. ನರ್ಸಿನ ಅಪ್ಪ ಕಾಣೆಯಾಗಿದ್ದಾನೆಂದು ಅವಳ ದೊಡ್ಡಪ್ಪ ಕೊಟ್ಟ ದೂರು. ಅದಕ್ಕೆ ನಿರ್ದೇಶಕ ಮತ್ತು ಕ್ಯಾಮೆರಾಮನ್ ಸಹಿ ಹಾಕಿ ಕೊಟ್ಟ ಹೇಳಿಕೆ: ಹದಿನಾಲ್ಕನೇ ತಾರೀಕು ಕುಣಿತದ ಶಾಟ್ ಮುಗಿಸಿದೆವು. ಅದಾದ ಮೇಲೆ ಅದೇ ದಿನ, ನಡೆದುಹೋಗುವ ಶಾಟ್ ತೆಗೆದೆವು. ಆಮೇಲೆ ಅವರು ವೇಷ ಕಳಚಿಟ್ಟು, ಯಾರಿಗೂ ಹೇಳದೆ ಹೊರಟುಹೋದರು. ಸಿನಿಮಾವೇ ಸಾಕ್ಷಿ.

ಇಬ್ಬರಲ್ಲಿ ನಿರ್ದೇಶಕ ತೀರಿಕೊಂಡು ಹತ್ತು ವರ್ಷವಾಯಿತು. ಉಳಿದಿದ್ದವನು ಕ್ಯಾಮೆರಾ ತಾತ.

"ಮೇಲಿದ್ದಾರೆ, ಬಾ," ಎಂದು ಭೂತಗನ್ನಡಿ ಎದ್ದಳು.

* * *

ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲು ಕಡಿದಾಗಿತ್ತು. ಒಳಗೆ ಬಿಸಿಯಾದ ಕಬ್ಬಿಣ ಮತ್ತು ಹಳೆಯ ಫಿಲ್ಮಿನ ಹುಳಿವಾಸನೆ. ಪ್ರೊಜೆಕ್ಟರ್ ನಡೆಸುವವನು ಊಟಕ್ಕೆ ಇಳಿದುಹೋಗಿದ್ದ. ಕಿಟಕಿಯ ಪಕ್ಕದ ಮೇಜಿನ ಮುಂದೆ, ಎಪ್ಪತ್ತೆಂಟು ವರ್ಷದ ಕ್ಯಾಮೆರಾ ತಾತ ಬಿಳಿ ಹತ್ತಿಯ ಕೈಗವಸು ತೊಟ್ಟು, ಓಡಿದ ರೀಲನ್ನು ಕೈಯಿಂದಲೇ ಹಿಂದಕ್ಕೆ ಸುತ್ತುತ್ತಿದ್ದ. ‘ಮಾವ’ನ ಪ್ರತಿ ಉಳಿದಿರುವುದು ಅವನೊಬ್ಬನ ಬಳಿ. ಯಾವ ಊರಿನಲ್ಲಿ ಆಟ ಇಟ್ಟರೂ ಡಬ್ಬಗಳನ್ನು ಬಸ್ಸಿನಲ್ಲಿ ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು ಬರುತ್ತಾನೆ, ಬೇರೆಯವರಿಗೆ ಮುಟ್ಟಗೊಡುವುದಿಲ್ಲ ಎಂದು ಕೆಳಗೆ ಎಲ್ಲರೂ ಕೊಂಡಾಡುತ್ತಿದ್ದರು.

"ಬನ್ನಿ ಬನ್ನಿ. ಹಸ್ತಾಕ್ಷರ ಬೇಕಿತ್ತಾ?" ಎಂದ, ಕತ್ತೆತ್ತದೆ.

"ಬೇಡ ಯಜಮಾನ್ರೇ. ಒಂದು ಹಸ್ತಾಕ್ಷರ ಆಗ್ಲೇ ಇದೆ ನನ್ಹತ್ರ." ಭೂತಗನ್ನಡಿ ಚೀಲದಿಂದ ಹೇಳಿಕೆಯ ನಕಲು ತೆಗೆದು ಮೇಜಿನ ಮೇಲಿಟ್ಟಳು.

ತಾತ ಓದಿದ. ರೀಲು ಸುತ್ತುವ ಕೈ ನಿಂತಿತು.

"ಪೊಲೀಸಿನೋರಾ?"

"ಇದ್ದೆ. ಈಗ ಇಲ್ಲ. ಕೊನೇ ರೀಲು ಸ್ವಲ್ಪ ಕೊಡ್ತೀರಾ? ನಿಮ್ಮ ಕಣ್ಮುಂದೇನೇ ನೋಡ್ತೀನಿ."

"ಅದನ್ನ ಮುಟ್ಟೋ ಹಾಗಿಲ್ಲ ತಾಯಿ. ಹಪ್ಪಳ ಆಗಿದೆ, ಮುರಿದುಹೋಗುತ್ತೆ."

"ಬೆರಳಚ್ಚು ನೋಡಿದ ಕೈ ನಂದು. ನೀವು ಹಿಡ್ಕೊಳ್ಳಿ, ನಾನು ಬರೀ ಕಣ್ಣು ಹಾಕ್ತೀನಿ."

ಬೇಡ ಎಂದರೆ ಅದೇ ಒಂದು ಉತ್ತರವಾಗಿಬಿಡುತ್ತದೆ ಎಂದು ಮುದುಕನಿಗೆ ಗೊತ್ತಾಯಿತು. ಡಬ್ಬ ತೆರೆದು ರೀಲಿನ ತುದಿಯನ್ನು ಎಳೆದು, ಮೇಜಿನ ದೀಪದ ಗಾಜಿನ ಮೇಲೆ ಹರವಿದ.

ಅಂಗೈಯಗಲದ ಬೆಳಕಿನಲ್ಲಿ ಸಾಲಾಗಿ ಮಾವಂದಿರು ಮಲಗಿದರು, ಒಬ್ಬೊಬ್ಬರೂ ಹೆಬ್ಬೆರಳ ಉಗುರಿನಷ್ಟು. ಭೂತಗನ್ನಡಿ ಬಾಗಿದಳು.

"ಈ ವೇಷಕ್ಕೆ ಜಿಪ್ ಯಾಕಿರ್ಲಿಲ್ಲ?"

"ಲೈಟಿಗೆ ಹೊಳೀತಿತ್ತು. ಮಂಗಳ ಗ್ರಹದೋರು ಜಿಪ್ ಹಾಕ್ಕೊಂಡು ಬರ್ತಾರಾ ಅಂತ ನಿರ್ದೇಶಕರು ಬೈದ್ರು." ತಾತನ ತುಟಿಯಲ್ಲಿ ಹಳೆಯ ನಗೆಯೊಂದು ಬಂದು ಹೋಯಿತು. "ಅದಕ್ಕೇ ಬೆಳಿಗ್ಗೆ ಅವನನ್ನ ಒಳಗಿಟ್ಟು ಬೆನ್ನು ಹೊಲಿದುಬಿಡೋದು. ಸಾಯಂಕಾಲ ಕತ್ತರಿಸೋದು."

"ಯಾರು ಹೊಲೀತಿದ್ರು?"

"ಅವನ ಹೆಂಡ್ತಿ. ವಸ್ತ್ರಾಲಂಕಾರ ಎಲ್ಲ ಆಕೆಯದೇ. ಇರುವೆ ಸಾಲಿಟ್ಟ ಹಾಗೆ ಹೊಲಿಗೆ ಹಾಕೋರು. ಎದುರಿಗೇ ನಿಂತ್ರೂ ಕಾಣ್ತಿರ್ಲಿಲ್ಲ."

"ಹದಿನಾಲ್ಕನೇ ತಾರೀಕು?"

ಮುದುಕ ಫಿಲ್ಮಿನ ತುದಿಯನ್ನು ಸರಿಪಡಿಸತೊಡಗಿದ.

"ಆ ದಿನ ಆಕೆ ಹೆರಿಗೆ ಆಸ್ಪತ್ರೆಯಲ್ಲಿದ್ರು. ಬೆಳಿಗ್ಗೆ ಒಂಬತ್ತೂವರೆಗೆ ಮಗು ಹುಟ್ತು. ದಾಖಲೆ ನೋಡಿದ್ದೀನಿ." ಭೂತಗನ್ನಡಿ ಗಾಜನ್ನು ಫಿಲ್ಮಿನ ಮೇಲೆ ನಿಲ್ಲಿಸಿದಳು. "ಇದು ಕುಣಿತ. ಬೆನ್ನು ತಿರುಗಿಸಿದ ಚೌಕ. ಕಪ್ಪು ಹುರಿ, ಅಡ್ಡಾದಿಡ್ಡಿ, ಗೋಣಿಚೀಲದ ಬಾಯಿ ಹೊಲಿದ ಹಾಗೆ. ಇದು ಹೊಲಿಗೆ ಗೊತ್ತಿಲ್ಲದವರ ಕೆಲಸ. ಸರಿಯಾ?"

"...ನಾನೇ ಹೊಲಿದೆ."

"ಈಗ ಇದು, ನಡ್ಕೊಂಡು ಹೋಗೋ ಶಾಟ್. ಅದೇ ಬೆನ್ನು. ಹುರಿಯ ಸುಳಿವೇ ಇಲ್ಲ. ಇರುವೆ ಸಾಲು." ಅವಳು ತಲೆಯೆತ್ತಿದಳು. "ಒಂದೇ ದಿನ, ಒಂದರ ಹಿಂದೊಂದು ತೆಗೆದ ಶಾಟ್ ಅಂತ ಬರೆದುಕೊಟ್ರಿ. ಮಧ್ಯದಲ್ಲಿ ಬಾಣಂತಿ ಎದ್ದು ಬಂದು ಹೊಲಿಗೆ ಬದಲಾಯಿಸಿ ಹೋದ್ರಾ?"

"ಮೂವತ್ತೊಂದು ವರ್ಷ ಆಯ್ತಮ್ಮಾ. ದಿನ ಹಿಂದೆಮುಂದೆ ಆಗಿರ್ಬಹುದು. ವಯಸ್ಸಾಯ್ತು."

"ಹೇಳಿಕೆ ಕೊಟ್ಟಾಗ ನಿಮಗೆ ವಯಸ್ಸಾಗಿರ್ಲಿಲ್ಲ."

ಅವಳು ಮತ್ತೆ ಚೀಲಕ್ಕೆ ಕೈಹಾಕಿದಳು. ಈ ಸಲ ಬಂದದ್ದು ಒಂದು ಗೇಣಿನಷ್ಟು ಫಿಲ್ಮಿನ ತುಂಡು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. "ಇದು ನಿಮ್ಮದೇ ‘ಚಂದ್ರಲೋಕದಲ್ಲಿ ಚಿಕ್ಕಪ್ಪ’. ‘ಮಾವ’ನಿಗಿಂತ ಎರಡು ವರ್ಷ ಹಿಂದಿನದು. ವೇಷ ಮಾತ್ರ ಇದೇ. ಗುಜರಿಯವನ ಅಂಗಡಿಯಲ್ಲಿ ಸಿಕ್ತು, ಮಕ್ಕಳ ಆಟದ ಸಾಮಾನಿನ ಜೊತೆ."

ತುಂಡನ್ನು ಅವಳು ದೀಪದ ಮೇಲೆ, ನಡೆದುಹೋಗುವ ಮಾವನ ಪಕ್ಕದಲ್ಲಿಟ್ಟಳು. ಚಂದ್ರಲೋಕದ ಬಯಲಿನಲ್ಲೂ ಒಬ್ಬ ದೈತ್ಯ ಬೆನ್ನು ಹಾಕಿ ನಡೆಯುತ್ತಿದ್ದ. ಆ ಬಯಲಿನ ಅಂಚಿನಲ್ಲಿ ಒಂದು ಬಾಲ ಮುದುರಿದ ಬೀದಿನಾಯಿ ಎಡದಿಂದ ಬಲಕ್ಕೆ ದಾಟುತ್ತಿತ್ತು.

"ಮಂಗಳಲೋಕದಲ್ಲೂ ಒಂದು ನಾಯಿ ಇದೆ ಯಜಮಾನ್ರೇ. ಬಲದಿಂದ ಎಡಕ್ಕೆ ಹೋಗುತ್ತೆ."

ಅವಳು ತುಂಡನ್ನು ಮಗುಚಿದಳು. ಮಗುಚಿದ್ದನ್ನು ‘ಮಾವ’ನ ಮೇಲೆ ಇಟ್ಟಳು. ದೈತ್ಯನ ಮೇಲೆ ದೈತ್ಯ ಕುಳಿತ, ನಾಯಿಯ ಮೇಲೆ ನಾಯಿ. ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ.

ತಾತ ಬಾಗಿ, ಒಂದಾಗಿಹೋದ ಆ ನಾಯಿಗಳನ್ನು ನೋಡಿದ.

"ಹಾಗೇ ಮಾಡ್ತಿದ್ವಿ," ಎಂದ ತಾತ ಕೊನೆಗೆ. "ಫಿಲ್ಮಿಗೆ ಬರ. ಒಂದು ನಡಿಗೆಯನ್ನ ಮೂರು ಸಿನಿಮಾಕ್ಕೆ ಹಾಕ್ತಿದ್ವಿ. ಮಗುಚಿಬಿಟ್ರೆ ಹೊಸದು. ಒಂದೇ ಗುಡ್ಡ, ಒಂದ್ಸಲ ಚಂದ್ರ, ಒಂದ್ಸಲ ಮಂಗಳ. ಯಾರೂ ಕಂಡುಹಿಡೀಲಿಲ್ಲ. ಆ ನಾಯೀನ ನಾನೂ ನೋಡಿರ್ಲಿಲ್ಲ ನೋಡಿ."

"ಹಾಗಾದ್ರೆ ಕುಣಿತ ಆದ್ಮೇಲೆ ಅವರು ನಡೀಲಿಲ್ಲ."

"ಇಲ್ಲ."

ಬಾಗಿಲ ಬಳಿ ನಿಂತಿದ್ದ ನರ್ಸು ಆಗ ಮೊದಲ ಬಾರಿಗೆ ಒಳಗೆ ಕಾಲಿಟ್ಟಳು. ತಾತ ಅವಳ ಮುಖ ನೋಡಿದ. ಹಣೆ ನೋಡಿದ, ಗಲ್ಲ ನೋಡಿದ. ಅವನ ಕೈಯಿಂದ ಗವಸು ತಾನಾಗಿ ಜಾರಿದಂತೆ ಕಳಚಿಬಂತು.

"ನೀನಾ ಮಗಳೇ?"

"ನಾನೇ." ಅವಳು ಕೂರಲಿಲ್ಲ. "ನಾನು ಒಂದೇ ಮಾತು ಕೇಳ್ತೀನಿ, ಸುತ್ತಿಬಳಸಬೇಡಿ. ಹೆಣ್ಣು ಹುಟ್ತು ಅಂತ ಕೇಳಿ ನಿಮ್ಮಪ್ಪ ಬಿಟ್ಟು ಹೋದ್ರು ಅಂತ ಅಮ್ಮ ಹೇಳ್ಕೊಂಡು ಬಂದಿದ್ದಾಳೆ. ಶಾಲೆಯಲ್ಲಿ ಅಪ್ಪನ ಹೆಸರು ಬರೆಯೋ ಜಾಗದಲ್ಲಿ ನಾನು ಗೆರೆ ಎಳೀತಿದ್ದೆ. ನಮ್ಮಪ್ಪ ನನ್ನ ಮುಖ ನೋಡೋದು ಬೇಡ ಅಂತ ಹೋದ್ರಾ, ಅಥವಾ ಬರೋಕೆ ಆಗ್ಲಿಲ್ವಾ? ಅಷ್ಟೇ."

ತಾತ ಗವಸನ್ನು ಮಡಿಚಿ ಮೇಜಿನ ಮೇಲಿಟ್ಟ.

"ಅವನನ್ನ ನಾವೆಲ್ಲ ರಬ್ಬರಣ್ಣ ಅಂತ ಕರೀತಿದ್ವಿ. ಬೆಳಿಗ್ಗೆ ಏಳಕ್ಕೇ ನಾನು ಹೊಲಿದು ಕೂರಿಸಿದೆ. ಆಗ್ಲಿಂದ ಅವನದು ಒಂದೇ ರಾಗ. ‘ಫೋನ್ ಬಂತಾ? ಫೋನ್ ಬಂತಾ?’ ಆ ರಬ್ಬರಿನ ಒಳಗಿಂದ ಮಾತು ಬಾವಿಯಿಂದ ಬಂದ ಹಾಗೆ ಬರ್ತಿತ್ತು. ಹತ್ತು ಗಂಟೆಗೆ ಆಫೀಸಿಗೆ ಫೋನ್ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ. ತಗೊಂಡವನು ನಾನೇ."

"ಹೇಳಿದ್ರಾ?"

"ಹೇಳಲಿಲ್ಲ."

ಭೂತಗನ್ನಡಿ ಹುಬ್ಬು ಗಂಟಿಕ್ಕಿದಳು. "ಯಾಕೆ?"

"ಹೇಳಿದ್ರೆ ಅವನು ಒಂದು ನಿಮಿಷ ನಿಲ್ತಿರ್ಲಿಲ್ಲ. ಬಿಚ್ಚಿ ಅಂತಿದ್ದ. ಬಿಚ್ಚಿ, ಮತ್ತೆ ಹೊಲಿಯೋಕೆ ನನ್ನ ಕೈಲಿ ಒಂದೂವರೆ ಗಂಟೆ. ಅಷ್ಟರಲ್ಲಿ ಬೆಳಕು ತಿರುಗಿಬಿಡುತ್ತೆ. ಇನ್ನೊಂದೇ ಶಾಟ್, ಮುಗಿಸಿಬಿಡೋಣ, ಆಮೇಲೆ ಹೇಳೋಣ ಅಂದ್ರು ನಿರ್ದೇಶಕರು. ನಾನೂ ಹೂಂ ಅಂದೆ." ಅವನು ತನ್ನ ಅಂಗೈಯನ್ನು ತಾನೇ ನೋಡಿಕೊಂಡ. "ಅವನು ಮತ್ತೆ ಕೇಳ್ದ. ‘ಫೋನ್ ಬಂತಾ?’ ಇನ್ನೂ ಇಲ್ಲ ಕಣೋ ಅಂದೆ. ಮೂರು ಸಲ ಹಾಗಂದೆ. ಆ ಮೂರು ಸಲ ಇವತ್ತಿಗೂ ಕಿವಿಯಲ್ಲಿದೆ."

ನರ್ಸು ಗೋಡೆಗೆ ಒರಗಿದಳು.

"ಶಾಟಲ್ಲಿ ಕುಣಿತ ಇರಲೇ ಇಲ್ಲ ಮಗಳೇ. ಮದುವೆ ಮಂದಿಯನ್ನ ನೋಡಿ ಮಾವ ಸುಮ್ಮನೆ ನಿಲ್ಲಬೇಕು. ಅಷ್ಟೇ ಬರೆದಿದ್ದು. ಕ್ಯಾಮೆರಾ ಓಡ್ತಿತ್ತು. ಅವನು ನಿಂತಿದ್ದ. ಆ ಟಾರ್ಚಿನ ಕಣ್ಣಲ್ಲಿ ನನ್ನ ಕಡೆನೇ ನೋಡ್ತಿದ್ದ ಹಾಗಿತ್ತು. ನನ್ನ ಕೈಲಿ ತಡೆಯೋಕೆ ಆಗ್ಲಿಲ್ಲ. ಕ್ಯಾಮೆರಾ ಹಿಂದಿಂದಲೇ ಕೂಗಿಬಿಟ್ಟೆ, ‘ಹೆಣ್ಣು ಕಣೋ! ಹೆಣ್ಣು ಮಗು!’ ಅಂತ."

ತಾತ ಪರದೆಯ ಕಡೆಗಿನ ಕಿಂಡಿಯತ್ತ ತಿರುಗಿದ.

"ಅವನು ಎರಡೂ ಕೈ ಎತ್ತಿದ."

ನರ್ಸಿನ ಬಾಯಿಂದ ಸಣ್ಣದೊಂದು ಸದ್ದು ಬಂತು, ಅಳುವೂ ಅಲ್ಲದ ನಗುವೂ ಅಲ್ಲದ ಸದ್ದು.

"ಬಾಲವನ್ನ ಮಗು ಹಾಗೆ ಎತ್ತಿಕೊಂಡನಲ್ಲ, ನೋಡಿದೆಯಾ? ಅದು ನೀನು. ಊರೆಲ್ಲ ಮೂವತ್ತೊಂದು ವರ್ಷ ನಕ್ಕಿದ್ದು ಅದಕ್ಕೇ. ನಾವೂ ನಕ್ವಿ. ಚಿತ್ರ ಅಲುಗಾಡುತ್ತಲ್ಲ, ಏನು ತಂತ್ರ ಅಂತ ಪತ್ರಿಕೆಯೋರು ಕೇಳ್ತಾರೆ. ತಂತ್ರ ಏನೂ ಇಲ್ಲ. ನಗು ತಡೀಲಾರದೆ ನನ್ನ ಭುಜ ಕುಣೀತಿತ್ತು."

"ಕುತ್ತಿಗೆಗೆ ಕೈ ಹೋದಾಗ?" ಭೂತಗನ್ನಡಿಯ ಪ್ರಶ್ನೆ ಮೆತ್ತಗಿತ್ತು, ಆದರೆ ಬಿಡುವಂಥದ್ದಾಗಿರಲಿಲ್ಲ.

"ಆಗ್ಲೂ ನಗ್ತಾನೇ ಇದ್ದೆ." ಅವನು ಕಣ್ಣು ಮುಚ್ಚಿದ. "ಕಣ್ಣು ಕ್ಯಾಮೆರಾ ಒಳಗಿದ್ರೆ ಎದುರಿಗಿರೋದೆಲ್ಲ ಸಿನಿಮಾನೇ ತಾಯಿ. ಎಷ್ಟು ಚೆನ್ನಾಗಿ ಮಾಡ್ತಿದ್ದಾನೆ ಅಂದ್ಕೊಂಡೆ. ಫಿಲ್ಮು ಮುಗಿದು, ಅದರ ತುದಿ ಪಟಪಟ ಅಂತ ಕ್ಯಾಮೆರಾ ಒಳಗೆ ಹೊಡ್ಕೊಂಡಾಗ ತಲೆ ಎತ್ತಿದೆ. ಅವನು ಬಿದ್ದಿದ್ದ. ಬೆಳಿಗ್ಗೆಯಿಂದ ಆ ರಬ್ಬರಿನಲ್ಲಿ, ಆ ಬಿಸಿಲಲ್ಲಿ ಇದ್ದವನು ಹಾಗೆ ಕುಣಿದಿದ್ದಾನೆ."

"ಕತ್ತರಿಸೋದಲ್ವಾ?" ನರ್ಸು ಚೀರಿದಳು. "ಬೆನ್ನು ಕತ್ತರಿಸೋಕೆ ಎಷ್ಟು ಹೊತ್ತು ಬೇಕು?"

"ಕತ್ತರಿ ಇರ್ಲಿಲ್ಲ." ಮುದುಕ ಈಗ ಅಳುತ್ತಿದ್ದ. "ದಿನಾ ನಿಮ್ಮಮ್ಮನ ಸೊಂಟದಲ್ಲಿ ತೂಗಾಡ್ತಿತ್ತು. ಆ ದಿನ ನಿಮ್ಮಮ್ಮನೇ ಇರ್ಲಿಲ್ಲ. ಬೆಳಿಗ್ಗೆ ಹೊಲಿಯೋವಾಗ ದಾರವನ್ನ ಹಲ್ಲಲ್ಲೇ ಕಚ್ಚಿದ್ದೆ. ಬಿಚ್ಚೋಕೆ ಏನು ಬೇಕು ಅಂತ ಒಬ್ಬನಿಗೂ ಹೊಳೆದಿರ್ಲಿಲ್ಲ. ಇಡೀ ಶೆಡ್ಡು ತಡಕಾಡಿದ್ವಿ. ಕೊನೆಗೆ ಬಾಣಲೆ ಕತ್ತರಿಸೋ ತಗಡಿನ ಕತ್ತರಿ ಸಿಕ್ತು. ಅದು ನನ್ನ ಹುರಿಯಲ್ಲಿ ಸಿಕ್ಕಿಕೊಳ್ತು. ನಾನು ಎಷ್ಟು ಗಟ್ಟಿಯಾಗಿ ಹೊಲಿದಿದ್ದೆ ಅಂದ್ರೆ..."

ಅವನು ಅಂಗೈಯಿಂದ ಮುಖ ಮುಚ್ಚಿಕೊಂಡ.

ನರ್ಸು ನೆಲದ ಮೇಲೆ, ಖಾಲಿ ಡಬ್ಬಗಳ ಪಕ್ಕದಲ್ಲಿ ಕುಸಿದು ಕುಳಿತಳು. ಭೂತಗನ್ನಡಿ ಹೋಗಿ ಪಕ್ಕದಲ್ಲೇ ಕುಳಿತು ಅವಳ ಕೈ ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಸತ್ತವರ ಬೆರಳು ಹಿಡಿದಿದ್ದವಳು; ಬದುಕಿದ್ದ ಈ ಕೈ ಅವುಗಳಿಗಿಂತ ತಣ್ಣಗಿತ್ತು.

"ಹಾಗಾದ್ರೆ ಅಪ್ಪ ಸತ್ತಿದ್ದು ನನ್ನಿಂದ," ಎಂದಳು ನರ್ಸು, ಯಾರಿಗೋ ವರದಿ ಒಪ್ಪಿಸುವವಳಂತೆ.

"ಛೆ! ಏನು ಮಾತು ಅಂತ ಆಡ್ತೀಯ!" ಭೂತಗನ್ನಡಿ ಗದರಿದಳು.

ಕ್ಯಾಮೆರಾ ತಾತ ಮಾತ್ರ ಬೆಚ್ಚಿದವನಂತೆ ಅವಳನ್ನೇ ನೋಡಿದ.

"ಇದೇ ಮಾತು," ಎಂದ. "ಇದೇ ಮಾತು ನಿನ್ನ ಬಾಯಲ್ಲಿ ಬರ್ಬಾರ್ದು ಅಂತಲೇ ಎಲ್ಲ ಮಾಡಿದ್ದು ಮಗಳೇ."

"ಯಾರು?"

"ನಿಮ್ಮಮ್ಮ."

ಭೂತಗನ್ನಡಿಯ ಹಿಡಿತ ಬಿಗಿಯಾಯಿತು. "ಬಿಡಿಸಿ ಹೇಳಿ."

"ಅವನು ಸತ್ತ ಅಂತ ನಾನು ಎಲ್ಲಿ ಹೇಳ್ದೆ? ಉಸಿರಾಡ್ತಿದ್ದ. ಕಣ್ಣೂ ಬಿಟ್ಟಿದ್ದ. ಆದ್ರೆ ಯಾರ ಗುರುತೂ ಇಲ್ಲ, ಮಾತಿಲ್ಲ, ಕೈಕಾಲು ಎತ್ತಲ್ಲ. ಆಸ್ಪತ್ರೆಗೆ ಹೋದ್ರೆ ಕೇಸಾಗುತ್ತೆ, ಸಿನಿಮಾ ನಿಂತುಹೋಗುತ್ತೆ ಅಂತ ನಿರ್ದೇಶಕರು ತಮ್ಮ ಮನೆ ಹಿಂದಿನ ಕೋಣೆಯಲ್ಲಿ ಮಲಗಿಸಿದ್ರು, ಪರಿಚಯದ ಡಾಕ್ಟರನ್ನ ಕರೆಸಿದ್ರು. ಏಳನೇ ದಿನ ನಿಮ್ಮಮ್ಮ ಬಂದ್ರು. ನೀನು ಕಂಕುಳಲ್ಲಿ ಇಷ್ಟೇ ಇಷ್ಟು. ನಾನು ಕಾಲಿಗೆ ಬಿದ್ದು ಎಲ್ಲಾನೂ ಹೇಳ್ದೆ. ಫೋನಿಂದೂ ಹೇಳ್ದೆ."

"ಬೈದ್ರಾ?"

"ಬೈದಿದ್ರೆ ಬದುಕಿಕೊಳ್ತಿದ್ದೆ. ನಿನ್ನನ್ನ ಅವನ ಎದೆ ಮೇಲೆ ಮಲಗಿಸಿದ್ರು. ‘ನೋಡ್ರಿ, ಬಂದಿದ್ದಾಳೆ’ ಅಂದ್ರು. ಅವನ ಕೈ ಎತ್ತಿ ನಿನ್ನ ಬೆನ್ನ ಮೇಲಿಟ್ರು. ಅದು ಜಾರಿ ಬೀಳ್ತಿತ್ತು, ಮತ್ತೆ ಇಡೋರು. ಹೀಗೇ ಮಧ್ಯಾಹ್ನ ಪೂರ್ತಿ. ಆಮೇಲೆ ಎದ್ದು ನಮಗೆ ಹೇಳಿದ್ರು: ‘ಇವರನ್ನ ನಾನು ಕರ್ಕೊಂಡು ಹೋಗ್ತೀನಿ. ಮಗಳಿಗೆ ಮಾತ್ರ ಅಪ್ಪ ಬಿಟ್ಟು ಹೋದ ಅಂತಲೇ ಹೇಳ್ತೀನಿ. ನೀವೂ ಹಾಗೇ ಬರೆದುಕೊಡಿ. ನಾನು ಹುಟ್ಟಿದ ಸುದ್ದಿ ಕೇಳಿ ಕುಣಿದಿದ್ದಕ್ಕೆ ಅಪ್ಪ ಹೀಗಾದ ಅಂದ್ಕೊಂಡು ಅವಳು ಬೆಳೆಯೋದು ಬೇಡ. ಬೇಕಾದ್ರೆ ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡು ಬೆಳೀಲಿ. ಸಿಟ್ಟನ್ನ ಹೇಗೋ ಹೊರಬಹುದು.’"

ಕೆಳಗೆ ಮುಂದಿನ ಆಟಕ್ಕೆ ಬಂದವರ ಗದ್ದಲ ಶುರುವಾಗಿತ್ತು. ಯಾರೋ ಮಾವನಂತೆ ಕುಣಿದು ತೋರಿಸುತ್ತಿರಬೇಕು, ನಗೆ ಕೇಳಿಬಂತು.

"ನಿರ್ದೇಶಕರಿಗೂ ಅದೇ ಬೇಕಿತ್ತು, ನನಗೂ. ಆಕೆಯ ಮಾತಿನ ಹಿಂದೆ ಬಚ್ಚಿಟ್ಕೊಂಡ್ವಿ. ಸಿನಿಮಾಕ್ಕೆ ಕೊನೆ ಇರ್ಲಿಲ್ಲ, ಹಳೇ ನಡಿಗೆಯನ್ನ ಮಗುಚಿ ಅಂಟಿಸಿದೆ. ಆಟ ಆದಾಗೆಲ್ಲ ನಾನೇ ಬಂದು ನಾನೇ ಸುತ್ತೋದು, ಆ ಅಂಟಿನ ಮೇಲೆ ಯಾರ ಬೆರಳೂ ಬೀಳದ ಹಾಗೆ."

"ಎಲ್ಲಿಗೆ ಕರ್ಕೊಂಡು ಹೋದ್ರು?" ಭೂತಗನ್ನಡಿ ಕೇಳಿದಳು.

"ಗೊತ್ತಿಲ್ಲ ತಾಯಿ. ಕಾರು ಬಂತು, ಹೋಯ್ತು. ಕೇಳೋಕೆ ನನಗೆ ಮುಖ ಎಲ್ಲಿತ್ತು?"

"ನಮ್ಮನೆಯಲ್ಲಿ ಯಾವತ್ತೂ ಯಾರೂ ಇರ್ಲಿಲ್ಲ," ಎಂದಳು ನರ್ಸು. "ಎರಡು ಕೋಣೆ, ನಾನು, ಅಮ್ಮ. ಅಷ್ಟೇ."

"ಅಮ್ಮ ಎಲ್ಲಿಗಾದ್ರೂ ಹೋಗ್ತಿದ್ರಾ? ತಪ್ಪದೆ, ಪದೇ ಪದೇ?"

"ಎಲ್ಲಿಗೂ ಇಲ್ಲ. ಹೊಲಿಗೆ ಮಿಷನ್ ಬಿಟ್ಟು ಏಳೋಳೇ ಅಲ್ಲ. ತಿಂಗಳಿಗೊಂದು ಸಲ ಆ ಗಿರಾಕಿಗೆ ಅಂಗಿ ಕೊಟ್ಟು..."

ಅವಳ ಮಾತು ಅಲ್ಲೇ ನಿಂತಿತು.

ಭೂತಗನ್ನಡಿ ಅವಸರಿಸಲಿಲ್ಲ. ನೀರಿನ ಬಾಟಲಿ ತೆರೆದು ಕೈಗೆ ಕೊಟ್ಟಳು. ನರ್ಸು ಕುಡಿಯಲಿಲ್ಲ.

"ಒಬ್ಬ ಹಳೇ ಗಿರಾಕಿ ಅಂತಾಳೆ. ದೂರದ ಊರು, ಬೆಳಿಗ್ಗೆ ಹೋದ್ರೆ ಸಾಯಂಕಾಲ ಬರ್ತಾಳೆ. ತಿಂಗಳಿಗೊಂದು ಅಂಗಿ, ಗಂಡಸಿಂದು. ನಾನು ಚಿಕ್ಕೋಳಿದ್ದಾಗಿಂದ ಅದೇ ಅಳತೆ." ಅವಳ ಕಣ್ಣು ಎದುರಿನ ಗೋಡೆಯನ್ನು ದಾಟಿ ಎಲ್ಲೋ ನೆಟ್ಟಿತ್ತು. "ಅದಕ್ಕೆ ಮುಂದೆ ಗುಂಡಿ ಇರಲ್ಲ ಅಕ್ಕಾ. ಹಿಂದುಗಡೆ ಲಾಡಿ. ದಿನಾ ಬೆಳಿಗ್ಗೆ ವಾರ್ಡಲ್ಲಿ ಹತ್ತು ಜನಕ್ಕೆ ಹಾಕ್ತೀನಿ ಅಂಥದ್ದನ್ನ. ಏಳೋಕಾಗದೆ ಮಲಗಿದ್ದೋರಿಗೆ ಹಾಕೋದು. ಮನೆಯಲ್ಲಿ ಕಣ್ಮುಂದೇನೇ ಹೊಲೀತಿದ್ರೂ ನನಗೆ ಹೊಳೀಲಿಲ್ಲ."

ತಾತ ಮೇಜು ಹಿಡಿದು ಎದ್ದು ನಿಂತ. "ಅಂದ್ರೆ... ಅವನು ಇನ್ನೂ..."

"ನಡಿ," ಭೂತಗನ್ನಡಿ ಆಗಲೇ ಚೀಲ ಹೆಗಲಿಗೇರಿಸಿದ್ದಳು. "ಈಗ್ಲೇ ನಿಮ್ಮಮ್ಮನ ಹತ್ರ ಹೋಗೋಣ. ಬೈಯೋದು ಬೇಡ, ಕೇಳೋದು ಬೇಡ. ಮುಂದಿನ ಅಂಗಿ ಕೊಡೋಕೆ ನಾನೂ ಜೊತೆಗೆ ಬರ್ತೀನಿ ಅನ್ನು, ಸಾಕು."

ನರ್ಸು ಏಳಲಿಲ್ಲ.

"ಹೋದ ತಿಂಗಳು ತಗೊಂಡು ಹೋದ ಅಂಗೀನ ವಾಪಸ್ ತಂದ್ಲು," ಎಂದಳು. "ಯಾಕಮ್ಮಾ ಅಂದ್ರೆ, ಅಳತೆ ಸರಿಹೋಗ್ಲಿಲ್ಲ ಅಂದ್ಲು. ಆಮೇಲೆ ಬೇರೆ ಅಂಗಿ ಹೊಲೀಲೂ ಇಲ್ಲ. ನಾನೇ ಎತ್ತಿ ಕಪಾಟಲ್ಲಿಟ್ಟೆ ಅಕ್ಕಾ. ಇಸ್ತ್ರಿಯ ಮಡಿಕೆಯನ್ನ ಯಾರೂ ಬಿಚ್ಚಿರಲೇ ಇಲ್ಲ."